ರಸ್ತೆಯ ಸರದಿಯನ್ನು ನಿರ್ಧರಿಸುವವರು ಯಾರು?

ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ರಸ್ತೆಗುಂಡಿಗಳ ಚರ್ಚೆ ಆರಂಭವಾಗುತ್ತದೆ. ಸಚಿವರು ಗಡುವು ನೀಡುತ್ತಾರೆ. ಅಧಿಕಾರಿಗಳು ಮುಚ್ಚಿದ ಗುಂಡಿಗಳ ಲೆಕ್ಕ ಒಪ್ಪಿಸುತ್ತಾರೆ. ವಿರೋಧ ಪಕ್ಷದವರು ಗುಂಡಿಯ ಪಕ್ಕ ನಿಂತು ಘೋಷಣೆ ಕೂಗುತ್ತಾರೆ. ಮಳೆ ನಿಂತೊಡನೆ ಚರ್ಚೆಯೂ ನಿಲ್ಲುತ್ತದೆ. ಈ ಗದ್ದಲದ ನಡುವೆ ಒಂದು ಮುಖ್ಯ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗಿದ್ದಾರೆ. ಒಂದು ರಸ್ತೆಗೆ ಎರಡು ವರ್ಷಕ್ಕೊಮ್ಮೆ ಹೊಸ ಡಾಂಬರು ಬೀಳುತ್ತದೆ, ಅದರ ಪಕ್ಕದ ಓಣಿಗೆ ಹತ್ತು ವರ್ಷವಾದರೂ ಒಂದು ಬುಟ್ಟಿ ಜಲ್ಲಿ ಬೀಳುವುದಿಲ್ಲ. ಹಾಗಾದರೆ ಈ ಸರದಿಯನ್ನು ನಿರ್ಧರಿಸುವವರು ಯಾರು? ಯಾವ ಮಾನದಂಡದಿಂದ? ಯಾರ ಹಣದಿಂದ?

ಪಶ್ಚಿಮ ಬೆಂಗಳೂರನ್ನೇ ತೆಗೆದುಕೊಳ್ಳೋಣ. ರಾಜಾಜಿನಗರವು ಸ್ವಾತಂತ್ರ್ಯಾನಂತರದ ದಿನಗಳಲ್ಲಿ ನಕ್ಷೆ ಬರೆದು ಕಟ್ಟಿದ ಬಡಾವಣೆ. ವಿಜಯನಗರ, ಬಸವೇಶ್ವರನಗರಗಳಲ್ಲಿಯೂ ಅಡ್ಡರಸ್ತೆ, ಮುಖ್ಯರಸ್ತೆಗಳಿಗೆ ಸಂಖ್ಯೆಗಳಿವೆ. ಕೆಂಗೇರಿಯ ಕಥೆ ಬೇರೆ. 2007ರಲ್ಲಿ ಏಳು ನಗರಸಭೆಗಳು ಮತ್ತು 110 ಹಳ್ಳಿಗಳ ಜೊತೆಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ ಏಕೈಕ ಪುರಸಭೆ ಅದು. ವಿಜಯನಗರದ ಮಗ್ಗುಲಲ್ಲೇ ಪಾದರಾಯನಪುರ, ಜಗಜೀವನರಾಮ್ ನಗರ, ಗೋರಿಪಾಳ್ಯಗಳಿವೆ. ಅಲ್ಲಿ ದುಡಿಯುವ ಜನರ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎರಡು ಆಟೋಗಳು ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಹೀಗೆ ಹುಟ್ಟು ಬೇರೆ, ಅಗಲ ಬೇರೆ, ಅಗತ್ಯವೂ ಬೇರೆ. ಆದರೆ ಇವೆಲ್ಲದರ ರಸ್ತೆಯ ಹಣೆಬರಹವನ್ನು ಬರೆಯುವ ವಿಧಾನ ಮಾತ್ರ ಒಂದೇ. ಆ ವಿಧಾನ ಬಹುತೇಕ ಜನರಿಗೆ ತಿಳಿದಿಲ್ಲ.

ಬೃಹತ್ ಬೆಂಗಳೂರು ಪಾಲಿಕೆಯ ವ್ಯಾಪ್ತಿಯಲ್ಲಿದ್ದ ರಸ್ತೆಗಳ ಒಟ್ಟು ಉದ್ದ ಸುಮಾರು 13 ಸಾವಿರ ಕಿ.ಮೀ. ಎಂಬುದು ಪಾಲಿಕೆಯದೇ ಲೆಕ್ಕ. ಇದರಲ್ಲಿ ಮೈಸೂರು ರಸ್ತೆ, ಮಾಗಡಿ ರಸ್ತೆ, ಕಾರ್ಡ್ ರಸ್ತೆಯಂತಹ ಪ್ರಧಾನ ಮತ್ತು ಉಪಪ್ರಧಾನ ರಸ್ತೆಗಳು ಸುಮಾರು 1,345 ಕಿ.ಮೀ. ಮಾತ್ರ. ಅಂದರೆ ಹತ್ತರಲ್ಲಿ ಒಂಬತ್ತು ಪಾಲು ವಾರ್ಡ್ ರಸ್ತೆಗಳೇ. ಮಗು ಶಾಲೆಗೆ ನಡೆಯುವುದು, ತಾಯಂದಿರು ಪಡಿತರ ತರುವುದು, ರೋಗಿಯನ್ನು ಸ್ಟ್ರೆಚರಿನಲ್ಲಿ ಆಂಬುಲೆನ್ಸ್ ವರೆಗೆ ಹೊತ್ತೊಯ್ಯುವುದು ಈ ರಸ್ತೆಗಳಲ್ಲಿ. ಪ್ರಧಾನ ರಸ್ತೆಗಳಿಗೆ ಪ್ರತ್ಯೇಕ ವಿಭಾಗ, ಪ್ರತ್ಯೇಕ ಎಂಜಿನಿಯರರು, ಪ್ರತ್ಯೇಕ ಅನುದಾನವಿದೆ. ವಾರ್ಡ್ ರಸ್ತೆಗಳು ವಲಯ ಕಚೇರಿಯ ಪಾಲಿಗೆ ಬಿಟ್ಟವು. ದೊಡ್ಡ ಯೋಜನೆಗಳೆಲ್ಲ ಮೊದಲನೆಯ ಗುಂಪಿಗೆ ಬರುತ್ತವೆ. ಎರಡನೆಯದಕ್ಕೆ ದಕ್ಕುವುದು ಉಳಿದದ್ದು.

ಹಣ ಬರುವ ದಾರಿಗಳನ್ನು ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ಪಾಲಿಕೆಯ ಸ್ವಂತ ಆದಾಯದಲ್ಲಿ ಬಹುದೊಡ್ಡದು ಆಸ್ತಿ ತೆರಿಗೆ. 2024-25ರಲ್ಲಿ ಅದು 4,900 ಕೋಟಿ ರೂಪಾಯಿಗಳನ್ನು ದಾಟಿತು. ಈ ಹಣದಿಂದಲೇ ಸಂಬಳ, ಕಸ ವಿಲೇವಾರಿ, ಬೀದಿದೀಪ, ಸಾಲದ ಕಂತು, ಹಳೆಯ ಬಾಕಿ ಬಿಲ್ಲುಗಳೆಲ್ಲ ತೀರಬೇಕು. ದೊಡ್ಡ ರಸ್ತೆ ಕಾಮಗಾರಿಗಳಿಗೆ ಪಾಲಿಕೆ ರಾಜ್ಯ ಸರಕಾರದ ಕಡೆಗೆ ಕೈ ಚಾಚುತ್ತದೆ. ನಗರೋತ್ಥಾನದಂತಹ ಯೋಜನೆಗಳ ಹಣ ಬರುವುದು ಅಲ್ಲಿಂದ. ಕೊಡುವವರ ಕೈ ಮೇಲಿರುತ್ತದೆ. ಅನುದಾನ ತಂದವರು ಯಾವ ರಸ್ತೆಗೆ ಎಂಬುದನ್ನೂ ಹೇಳುತ್ತಾರೆ. ಹೀಗೆ ತೆರಿಗೆ ಕಟ್ಟುವವರು ವಾರ್ಡಿನ ನಿವಾಸಿಗಳು, ಪಟ್ಟಿ ತಯಾರಿಸುವವರು ವಿಧಾನಸೌಧದವರು ಎಂಬ ಪರಿಸ್ಥಿತಿ ಉಂಟಾಗಿದೆ.

ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. 2018ರಲ್ಲಿ ಅಧಿಕಾರದಲ್ಲಿದ್ದ ಸಮ್ಮಿಶ್ರ ಸರಕಾರವು ಬೆಂಗಳೂರಿಗಾಗಿ ನವ ನಗರೋತ್ಥಾನ ಎಂಬ 8 ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆಯನ್ನು ಪ್ರಕಟಿಸಿತು. 2019ರಲ್ಲಿ ಸರಕಾರ ಬದಲಾಯಿತು. ಹೊಸ ಸರಕಾರ ಯೋಜನೆಯನ್ನು ಕೈಬಿಡಲಿಲ್ಲ. ಕಾಮಗಾರಿಗಳ ಪಟ್ಟಿಯನ್ನು ತಿದ್ದಿತು. ತಮ್ಮ ಕ್ಷೇತ್ರದ ಹಣವನ್ನು ಆಡಳಿತ ಪಕ್ಷದ ಶಾಸಕರ ಕ್ಷೇತ್ರಗಳಿಗೆ ಹರಿಸಲಾಗಿದೆಯೆಂದು ಅಂದಿನ ವಿರೋಧ ಪಕ್ಷದವರು ದೂರಿದರು. 2023ರಲ್ಲಿ ಮತ್ತೆ ಸರಕಾರ ಬದಲಾಯಿತು. ಅದೇ ದೂರನ್ನು ಈ ಬಾರಿ ಹೇಳಿದವರು ಎದುರು ಸಾಲಿನವರು! ನಾವು ಇಲ್ಲಿ ಯಾವುದೇ ಪಕ್ಷದ ಪರ ವಾದಿಸುತ್ತಿಲ್ಲ. ಒಂದು ವಾರ್ಡಿನ ರಸ್ತೆ ಎಷ್ಟು ಕೆಟ್ಟಿದೆ ಎಂಬುದು ಮತ ಎಣಿಕೆಯ ದಿನ ಬದಲಾಗುವುದಿಲ್ಲ ಎಂಬುದಷ್ಟೇ ನಮ್ಮ ಮಾತು. ಚುನಾವಣೆಯ ಫಲಿತಾಂಶದೊಂದಿಗೆ ಬದಲಾಗುವ ಆದ್ಯತೆಯನ್ನು ಆದ್ಯತೆ ಎನ್ನಲು ಬರುವುದಿಲ್ಲ. ಅದು ಹಂಚಿಕೆ.

ಇನ್ನು ದೊಡ್ಡ ಯೋಜನೆಗಳ ಮೋಹ. ವೈಟ್ ಟಾಪಿಂಗ್ ಎಂಬ ಕಾಂಕ್ರೀಟು ಹೊದಿಕೆಯ ಮೊದಲ ಹಂತದಲ್ಲಿ ಸುಮಾರು 94 ಕಿ.ಮೀ. ರಸ್ತೆಗೆ ಸುಮಾರು 970 ಕೋಟಿ ರೂಪಾಯಿ ನಿಗದಿಯಾಗಿತ್ತು. ಅಂದರೆ ಕಿಲೋಮೀಟರಿಗೆ ಹತ್ತು ಕೋಟಿಗೂ ಹೆಚ್ಚು. 2019ರಲ್ಲಿ ಸರಕಾರ ಬದಲಾದಾಗ ಅದಕ್ಕೆ ತಡೆ ಬಿತ್ತು, ತನಿಖೆಯ ಆದೇಶವಾಯಿತು. ಬಳಿಕ ಅದೇ ವೈಟ್ ಟಾಪಿಂಗ್ ಮತ್ತೆ ಮುಂದುವರಿಯಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದ ವರೆಗಿನ ಉಕ್ಕಿನ ಮೇಲ್ಸೇತುವೆಗೆ 1,791 ಕೋಟಿ ರೂಪಾಯಿಯ ಅಂದಾಜು ಮಾಡಲಾಗಿತ್ತು. 2016ರ ಅಕ್ಟೋಬರಿನಲ್ಲಿ ಜನರು ಕೈ ಕೈ ಹಿಡಿದು ಬೀದಿಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಆ ಬಳಿಕ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನ ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಪ್ರಸ್ತಾವ ಬಂತು. ಅದರ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಅಧಿಕ. ಕಿಲೋಮೀಟರಿಗೆ ಸಾವಿರ ಕೋಟಿ! ಇಡೀ ನಗರಕ್ಕಾಗಿ ಪಾಲಿಕೆ 2025ರ ಮಾರ್ಚಿನಲ್ಲಿ ಮಂಡಿಸಿದ ವಾರ್ಷಿಕ ಬಜೆಟ್ಟೇ 20 ಸಾವಿರ ಕೋಟಿಗೆ ತುಸು ಕಡಿಮೆಯಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇದಕ್ಕೆ ಪ್ರತಿವಾದವಿಲ್ಲವೆಂದಲ್ಲ. ನಗರದ ಸಂಚಾರದ ಬಹುಪಾಲು ಹೊರೆಯನ್ನು ಹೊರುವುದು ಪ್ರಧಾನ ರಸ್ತೆಗಳು. ಮೈಸೂರು ರಸ್ತೆ ಸ್ಥಗಿತಗೊಂಡರೆ ಪಾದರಾಯನಪುರದ ಕೂಲಿಯ ದಿನವೂ ಕೆಡುತ್ತದೆ. ಕಾಂಕ್ರೀಟು ಡಾಂಬರಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂದು ಎಂಜಿನಿಯರರು ಹೇಳುತ್ತಾರೆ. ಈ ವಾದದಲ್ಲಿ ಸತ್ಯವಿದೆ. ಆದರೆ ಕಾಂಕ್ರೀಟಿನ ಬಾಳಿಕೆಯಾಗಲಿ, ಬಸ್ಸಿನ ವೇಗವಾಗಲಿ ಓಣಿಯ ಚರಂಡಿಗೆ ಬದಲಿಯಾಗಲಾರದು. ಬಸ್ಸು, ಮೆಟ್ರೊದಿಂದ ಇಳಿದ ಪ್ರತಿಯೊಬ್ಬನೂ ಕೊನೆಯ ಅರ್ಧ ಕಿಲೋಮೀಟರನ್ನು ನಡೆದೇ ಮುಗಿಸುತ್ತಾನೆ. 2021ರಲ್ಲಿ ಮೆಟ್ರೊ ಕೆಂಗೇರಿಯ ವರೆಗೆ ಬಂತು. ಹಾಗೆ ಬಂದ ಸಾವಿರಾರು ಕೋಟಿಯ ಸೌಲಭ್ಯವನ್ನು ಒಬ್ಬ ವೃದ್ಧೆ ಬಳಸಬಲ್ಲಳೇ ಎಂಬುದನ್ನು ನಿರ್ಧರಿಸುವುದು ಅವಳ ಮನೆಯಿಂದ ನಿಲ್ದಾಣದ ವರೆಗಿನ ಫುಟ್‌ಪಾತ್.

ವಾರ್ಡ್ ರಸ್ತೆಗೆ ಹಣ ಬಂದಾಗಲೂ ಕೆಲಸ ಹೇಗೆ ನಡೆಯುತ್ತದೆಂಬುದು ಗಮನಾರ್ಹ. ವಾರ್ಡಿನ ಎಂಜಿನಿಯರ್ ಅಂದಾಜುಪಟ್ಟಿ ಬರೆಯುತ್ತಾರೆ. ಮೇಲಧಿಕಾರಿ ಮಂಜೂರು ಮಾಡಿದ ಬಳಿಕ ಕಾಮಗಾರಿಗೆ ಜಾಬ್ ಕೋಡ್ ಎಂಬ ಸಂಖ್ಯೆ ಸಿಗುತ್ತದೆ. ಆಮೇಲೆ ಟೆಂಡರು, ಕೆಲಸ, ಅಳತೆ ಪುಸ್ತಕ, ಬಿಲ್ಲು. ಕಾಗದದಲ್ಲಿ ಎಲ್ಲವೂ ಅಚ್ಚುಕಟ್ಟು. ಆದರೆ ಟೆಂಡರಿನಿಂದ ವಿನಾಯಿತಿ ನೀಡುವ 4(ಜಿ) ಎಂಬ ಕಿಂಡಿಯೂ ಅದೇ ಕಾನೂನಿನಲ್ಲಿದೆ. ತುರ್ತು ಎಂಬ ಹೆಸರಿನಲ್ಲಿ ಅದು ಮತ್ತೆ ಮತ್ತೆ ತೆರೆದುಕೊಂಡಿದೆ. ಅಂದಾಜುಪಟ್ಟಿಯಲ್ಲಿ ಏನಿತ್ತು, ನೆಲದ ಮೇಲೆ ಏನಾಯಿತು ಎಂದು ಹೋಲಿಸಿ ನೋಡುವ ಕಣ್ಣುಗಳು ವಾರ್ಡಿನಲ್ಲಿಲ್ಲ. 2011ರಲ್ಲಿ ಪಾಲಿಕೆಯ ಜಾಗೃತ ವಿಭಾಗವೇ ಬಯಲಿಗೆಳೆದ ಹಗರಣವನ್ನು ನೆನಪಿಸಿಕೊಳ್ಳಬಹುದು. ಮಲ್ಲೇಶ್ವರ, ಗಾಂಧಿನಗರ ಮತ್ತು ರಾಜರಾಜೇಶ್ವರಿನಗರ ವಿಭಾಗಗಳಲ್ಲಿ 1,539 ಕೋಟಿ ರೂಪಾಯಿಯ ಕಾಮಗಾರಿಗಳಲ್ಲಿ ಅಕ್ರಮ ನಡೆದಿದೆ ಎಂಬ ಆರೋಪ ಕೇಳಿಬಂತು. ಮಾಡದ ಕೆಲಸಕ್ಕೂ ಬಿಲ್ಲು ಎಂಬ ದೂರು ಅದು. ಈ ಮೂರರಲ್ಲಿ ಯಾವುದೂ ದೂರದ ಊರಲ್ಲ. ರಾಜಾಜಿನಗರದಿಂದ ಅರ್ಧ ಗಂಟೆಯ ದಾರಿ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ. 40ರಷ್ಟು ಕಮಿಷನ್ ಕೇಳಲಾಗುತ್ತಿದೆಯೆಂದು ದೂರಿತು. ನೂರು ರೂಪಾಯಿಯಲ್ಲಿ ನಲ್ವತ್ತು ದಾರಿಯಲ್ಲೇ ಕರಗುವುದಾದರೆ ಉಳಿದ ಅರವತ್ತರಲ್ಲಿ ಹಾಕಿದ ಡಾಂಬರು ಎಷ್ಟು ಮಳೆಯನ್ನು ತಾಳೀತು?

ರಸ್ತೆಯ ಕೆಳಗಿನ ಸಂಗತಿಯಂತೂ ಇನ್ನೂ ಕಠಿಣ. ರಸ್ತೆಗೆ ಒಂದು ವಿಭಾಗ, ರಾಜಕಾಲುವೆಗೆ ಇನ್ನೊಂದು, ಒಳಚರಂಡಿ ಮತ್ತು ನೀರಿನ ಕೊಳವೆಗೆ ಜಲಮಂಡಳಿ, ವಿದ್ಯುತ್ ತಂತಿಗೆ ಬೆಸ್ಕಾಂ. ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಅಗೆಯುತ್ತಾರೆ. ಪಶ್ಚಿಮ ಬೆಂಗಳೂರಿನ ನೀರೆಲ್ಲ ವೃಷಭಾವತಿಯ ಕಣಿವೆಗೆ ಇಳಿದು ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿಯತ್ತ ಹರಿಯುತ್ತದೆ. ಮೋರಿ ಸರಿಯಿಲ್ಲದಿದ್ದರೆ ಆ ನೀರು ರಸ್ತೆಯನ್ನೇ ಕಾಲುವೆಯನ್ನಾಗಿ ಮಾಡಿಕೊಳ್ಳುತ್ತದೆ. ನಿಂತ ನೀರಿನ ಕೆಳಗೆ ಡಾಂಬರು ಉಳಿಯುವುದಿಲ್ಲ. ಅಷ್ಟೇ ಅಲ್ಲ, ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆಯ ಹೊಸ್ತಿಲು ತಗ್ಗುತ್ತದೆ. ಇಕ್ಕಟ್ಟಾದ ಬಡಾವಣೆಗಳಲ್ಲಿ ಮಳೆಯ ರಾತ್ರಿ ಮಂಚದ ಮೇಲೆ ಮಕ್ಕಳನ್ನು ಕೂರಿಸಿ ಪಾತ್ರೆಯಲ್ಲಿ ನೀರು ಹೊರಚೆಲ್ಲುವ ಕುಟುಂಬಗಳಿಗೆ ರಸ್ತೆ ಅಭಿವೃದ್ಧಿಯು ಹೀಗೆ ಶಾಪವಾಗಿ ಪರಿಣಮಿಸಿದೆ. ಚರಂಡಿ ಮೊದಲು, ಡಾಂಬರು ಆಮೇಲೆ ಎಂಬುದು ಯಾವುದೇ ಮೇಸ್ತ್ರಿಗೂ ಗೊತ್ತಿರುವ ಪಾಠ. ಆದರೆ ಡಾಂಬರು ಕಣ್ಣಿಗೆ ಕಾಣುತ್ತದೆ, ಮೋರಿ ಕಾಣುವುದಿಲ್ಲ. ಉದ್ಘಾಟನೆಯ ಫಲಕವನ್ನು ಮೋರಿಯ ಮೇಲೆ ನೆಡುವವರು ಯಾರು?

ಈ ಅವ್ಯವಸ್ಥೆಗೆ ಸಂವಿಧಾನವು ಮದ್ದು ಸೂಚಿಸಿತ್ತು. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯು ರಸ್ತೆ ಮತ್ತು ಸೇತುವೆಗಳನ್ನು ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಕರ್ನಾಟಕದಲ್ಲಿ ಅದಕ್ಕೆ 2016ರಲ್ಲಿ ನಿಯಮಗಳಾದವು. ಉಚ್ಚ ನ್ಯಾಯಾಲಯವು ಬೆನ್ನು ಹತ್ತಿದ ಬಳಿಕವೇ ಬೆಂಗಳೂರಿನಲ್ಲಿ ಸಮಿತಿಗಳು ರಚನೆಗೊಂಡವು. ಕಾರ್ಪೊರೇಟರ್ ಅಧ್ಯಕ್ಷತೆಯ ಆ ಸಮಿತಿಯ ಹತ್ತು ಮಂದಿ ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು ಇರಬೇಕೆಂಬ ನಿಯಮವಿತ್ತು. ತಿಂಗಳಿಗೊಮ್ಮೆ ಸಭೆ ನಡೆಯಬೇಕಿತ್ತು. 2021-22ರ ಬಜೆಟಿನಲ್ಲಿ ಪ್ರತಿ ವಾರ್ಡಿಗೆ 60 ಲಕ್ಷ ರೂಪಾಯಿ ಇರಿಸಿ ಸಮಿತಿಯ ಮಾತಿಗೆ ಸ್ವಲ್ಪ ಬೆಲೆ ಕೊಡುವ ಪ್ರಯತ್ನವೂ ನಡೆಯಿತು. ಸಾವಿರಾರು ಕೋಟಿಯ ಬಜೆಟಿನಲ್ಲಿ ಅದು ಸಣ್ಣ ಮೊತ್ತ. ಆದರೂ ದಿಕ್ಕು ಸರಿಯಾಗಿತ್ತು.

ಆದರೆ ಮನೆಯ ಯಜಮಾನನೇ ಇಲ್ಲದಾಗ ಆ ದಿಕ್ಕಿನಲ್ಲಿ ನಡೆಯುವವರು ಯಾರು? 2015ರಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ವಾರ್ಡುಗಳ ಸಂಖ್ಯೆಯನ್ನು 198ರಿಂದ 243ಕ್ಕೆ, ಆಮೇಲೆ 225ಕ್ಕೆ ಬದಲಿಸುತ್ತಾ, ಮೀಸಲಾತಿಯ ಪಟ್ಟಿ ತಿದ್ದುತ್ತಾ, ನ್ಯಾಯಾಲಯದ ಮೆಟ್ಟಿಲೇರುತ್ತಾ ವರ್ಷಗಳು ಕಳೆದವು. 2021ರಿಂದ 2025ರ ವರೆಗೆ ಐದು ಬಜೆಟುಗಳನ್ನು ಅಧಿಕಾರಿಗಳೇ ಮಂಡಿಸಿದರು. 2022ರ ಬಜೆಟನ್ನಂತೂ ಮಾರ್ಚ್ 31ರ ತಡರಾತ್ರಿ ಸದ್ದಿಲ್ಲದೆ ಪ್ರಕಟಿಸಲಾಯಿತು. ಒಂದು ಕೋಟಿಗೂ ಹೆಚ್ಚು ಜನರ ನಗರದ ಆಯವ್ಯಯವು ನಗರ ನಿದ್ರಿಸುತ್ತಿದ್ದಾಗ ಹೊರಬಂತು! ಅದರ ಮೇಲೆ ಪ್ರಶ್ನೆ ಕೇಳಬೇಕಾದ ಒಬ್ಬನೇ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಕಾರ್ಪೊರೇಟರುಗಳೆಲ್ಲರೂ ಸಂತರಾಗಿದ್ದರೆಂದು ನಾವು ಹೇಳಲಾರೆವು. ಆದರೆ ಕೆಟ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ವರ್ಗಾವಣೆಯಾಗಿ ಹೋದ ಅಧಿಕಾರಿಯನ್ನು ಯಾವ ಮತದಾರ ಕೇಳಲು ಸಾಧ್ಯ?

ಇದನ್ನು ನ್ಯಾಯಾಲಯವೂ ಗಮನಿಸದೆ ಇರಲಿಲ್ಲ. 2015ರಲ್ಲಿ ದಾಖಲಾದ ರಸ್ತೆಗುಂಡಿಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ, ಸುಸ್ಥಿತಿಯ ರಸ್ತೆ ಮತ್ತು ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಗುಂಡಿಯಿಂದ ಹಾನಿಗೊಳಗಾದವರು ಪರಿಹಾರ ಕೇಳಬಹುದು ಎಂದಿತು. ಹಕ್ಕು ಎಂದ ಮೇಲೆ ಅದು ಶಾಸಕರ ಕೃಪೆಯಿಂದ ಸಿಗುವ ಕೊಡುಗೆಯಾಗಿ ಉಳಿಯಬಾರದು.

ಹಾಗಾದರೆ ಪರಿಹಾರವೇನು? ರಸ್ತೆಗೆ ಅಂಕ ನೀಡುವ ಬರವಣಿಗೆಯ ಮಾನದಂಡವೊಂದು ಬೇಕು. ಆ ರಸ್ತೆಯಲ್ಲಿ ದಿನಕ್ಕೆ ಎಷ್ಟು ಜನ ನಡೆಯುತ್ತಾರೆ, ಶಾಲೆ-ಆಸ್ಪತ್ರೆ-ಬಸ್ ನಿಲ್ದಾಣಗಳಿವೆಯೇ, ಅಪಘಾತಗಳಾಗಿವೆಯೇ, ಚರಂಡಿ ಹೇಗಿದೆ, ಕೊನೆಯ ಬಾರಿ ಯಾವಾಗ ದುರಸ್ತಿಯಾಯಿತು, ಅದರ ಖಾತರಿ ಅವಧಿ ಮುಗಿದಿದೆಯೇ ಎಂಬುದರ ಮೇಲೆ ಸರದಿ ಪಟ್ಟಿ ಸಿದ್ಧವಾಗಲಿ. ಆ ಪಟ್ಟಿ ಬಜೆಟಿಗೆ ಮುನ್ನವೇ ವಾರ್ಡ್ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಲಿ. ಸರದಿಯನ್ನು ಮೀರಿ ಒಂದು ರಸ್ತೆಯನ್ನು ಮೇಲಕ್ಕೆ ತಂದರೆ ಕಾರಣವನ್ನೂ, ತಂದವರ ಹೆಸರನ್ನೂ ಬರೆಯಲಿ. ಇದು ಅಸಾಧ್ಯವಾದ ಕನಸೇನೂ ಅಲ್ಲ. ನೆರೆಯ ಕೇರಳವು 1996ರಲ್ಲಿ ಜನಕೀಯ ಯೋಜನೆಯನ್ನು ಆರಂಭಿಸಿದಾಗ ರಾಜ್ಯದ ಯೋಜನಾ ವೆಚ್ಚದ ಮೂರನೆ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಪುಣೆಯ ಪಾಲಿಕೆಯು 2006ರಿಂದ ನಾಗರಿಕರ ಸಲಹೆಗಳನ್ನು ಬಜೆಟಿನಲ್ಲಿ ಸೇರಿಸುವ ಕ್ರಮವನ್ನು ರೂಢಿಸಿತು. ಅಲ್ಲಿಯೂ ಲೋಪಗಳಿವೆ. ಆದರೆ ಕೇಳುವ ಒಂದು ಬಾಗಿಲಾದರೂ ತೆರೆದಿದೆ.

ಇಷ್ಟೆಲ್ಲ ಹೇಳುವಾಗ ನಾವು ನಮ್ಮ ಕಡೆಗೂ ಬೆರಳು ತೋರಿಸಬೇಕಾಗಿದೆ. ನಮ್ಮ ಮೊಹಲ್ಲಾಗಳಿಗೆ ಶಾಸಕರು ಬಂದಾಗ ನಾವು ಕೇಳುವುದೇನು? ಮಸೀದಿಯ ಮುಂದಿನ ಐವತ್ತು ಅಡಿಗೆ ಕಾಂಕ್ರೀಟು, ಓಣಿಯ ಬಾಯಿಗೊಂದು ಕಮಾನು, ಹಬ್ಬದ ರಾತ್ರಿಗೊಂದು ಹೈಮಾಸ್ಟ್ ದೀಪ. ಅವರು ಸಂತೋಷದಿಂದ ಕೊಡುತ್ತಾರೆ. ನಾವು ಸಂತೋಷದಿಂದ ಹಾರ ಹಾಕುತ್ತೇವೆ. ಒಳಚರಂಡಿಯನ್ನು ಕೇಳುವುದಿಲ್ಲ. ಅಂದಾಜುಪಟ್ಟಿಯ ಪ್ರತಿ ಕೇಳುವುದಿಲ್ಲ. ವಾರ್ಡ್ ಸಮಿತಿಯ ಸಭೆ ನಡೆಯುವ ದಿನ ಯಾವುದೆಂದು ನಮ್ಮ ಜಮಾಅತ್‌ಗಳ ಎಷ್ಟು ಪದಾಧಿಕಾರಿಗಳಿಗೆ ತಿಳಿದಿತ್ತು? ಅಂಗಡಿಯ ಸಾಮಾನನ್ನು ಫುಟ್‌ಪಾತಿಗೆ ಚಾಚಿ, ಮನೆಯ ಮೆಟ್ಟಿಲನ್ನು ಮೋರಿಯ ಮೇಲೆ ಕಟ್ಟಿ, ಕಟ್ಟಡದ ಮಣ್ಣನ್ನು ರಸ್ತೆಗೆ ಸುರಿದು, ಆಮೇಲೆ ಪಾಲಿಕೆಯನ್ನು ಶಪಿಸುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದಿಲ್ಲ. ದಾರಿಯಲ್ಲಿನ ತೊಡಕನ್ನು ಸರಿಸುವುದನ್ನು ವಿಶ್ವಾಸದ ಭಾಗವೆಂದೇ ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳಿಗೆ ಇದು ಶೋಭಿಸುವುದೇ? ದೂರದ ಇರಾಕಿನಲ್ಲಿ ಹೇಸರಗತ್ತೆಯೊಂದು ಎಡವಿದರೂ ಅದಕ್ಕೆ ದಾರಿ ಸರಿಪಡಿಸದ ತನ್ನನ್ನು ಪ್ರಶ್ನಿಸಲಾಗುವುದೆಂದು ಖಲೀಫಾ ಉಮರ್(ರ) ಅಂಜುತ್ತಿದ್ದರೆಂಬ ಉಲ್ಲೇಖವನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಆಡಳಿತಗಾರನು ಉತ್ತರದಾಯಿ ಎಂಬುದು ಅದರ ಒಂದು ಪಾಠ. ಉತ್ತರ ಕೇಳುವ ಪ್ರಜೆಗಳಿರಬೇಕು ಎಂಬುದು ಇನ್ನೊಂದು.

2025ರ ಸೆಪ್ಟೆಂಬರ್ 2ರಂದು ಬೃಹತ್ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಒಟ್ಟು 369 ವಾರ್ಡುಗಳಲ್ಲಿ ಅತಿ ಹೆಚ್ಚು, ಅಂದರೆ 112, ಪಶ್ಚಿಮ ಪಾಲಿಕೆಗೆ ಸೇರಿದವು. ವಾರ್ಡು ಚಿಕ್ಕದಾದಷ್ಟೂ ಸದಸ್ಯ ಜನರಿಗೆ ಹತ್ತಿರವಾಗಬೇಕೆಂಬ ಆಶಯ ಒಳ್ಳೆಯದೇ. ಆದರೆ ಹೊಸ ಗಡಿಗಳು ಹೊಸ ಪ್ರಶ್ನೆಯನ್ನೂ ತಂದಿವೆ. ವಿಜಯನಗರ ಪಶ್ಚಿಮ ಪಾಲಿಕೆಯಲ್ಲಿದ್ದರೆ ಅದಕ್ಕಂಟಿದ ಪಾದರಾಯನಪುರ ಕೇಂದ್ರ ಪಾಲಿಕೆಯಲ್ಲಿದೆ. ಎರಡೂ ಕಡೆಯವರು ಬಳಸುವ ರಸ್ತೆಯನ್ನು, ಎರಡೂ ಕಡೆ ಹರಿಯುವ ಮೋರಿಯನ್ನು ಯಾರು ಸರಿಪಡಿಸಬೇಕು? ನಮ್ಮದಲ್ಲ ಎಂದು ಇಬ್ಬರೂ ಹೇಳಿದರೆ ಗಡಿಯಲ್ಲಿರುವ ಬಡ ಬಡಾವಣೆಗಳು ಮತ್ತೆ ಯಾರಿಗೂ ಬೇಡದ ಕೂಸಾಗುತ್ತವೆ. ದೊಡ್ಡ ರಸ್ತೆಗಳ ನಿರ್ಧಾರವು ಪ್ರಾಧಿಕಾರದ ಕೈಯಲ್ಲೇ ಉಳಿದು, ಪಾಲಿಕೆಗಳಿಗೆ ಗುಂಡಿ ಮುಚ್ಚುವ ಕೆಲಸ ಮಾತ್ರ ದಕ್ಕಿದರೆ, ಒಂದನ್ನು ಐದಾಗಿಸಿದ್ದರಿಂದ ಸಾಧಿಸಿದ್ದೇನು?

ಆದ್ದರಿಂದ ಮತ ಕೇಳಲು ಬರುವವರ ಮುಂದೆ ನಾವು ಇಡಬೇಕಾದ ಬೇಡಿಕೆ ಕಾಂಕ್ರೀಟಿನದ್ದಲ್ಲ, ಪಟ್ಟಿಯದ್ದು. ನಮ್ಮ ವಾರ್ಡಿನ ರಸ್ತೆಗಳ ಸರದಿ ಪಟ್ಟಿಯನ್ನು ತೋರಿಸುವಿರಾ? ವಾರ್ಡ್ ಸಮಿತಿಯನ್ನು ಪ್ರತಿ ತಿಂಗಳು ಕರೆಯುವಿರಾ? ಅದರಲ್ಲಿ ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಹೆಣ್ಣುಮಕ್ಕಳಿಗೂ ಕುರ್ಚಿ ಇರುವುದೇ? ಚರಂಡಿಯಾಗದೆ ಡಾಂಬರು ಹಾಕುವುದಿಲ್ಲವೆಂದು ಬರೆದು ಕೊಡುವಿರಾ? ಈ ಪ್ರಶ್ನೆಗಳನ್ನು ಪಾದರಾಯನಪುರದ ನಿವಾಸಿ ಮಾತ್ರವಲ್ಲ, ಬಸವೇಶ್ವರನಗರದ ನಿವೃತ್ತ ಶಿಕ್ಷಕರೂ, ಕೆಂಗೇರಿಯ ಹಾಲು ಮಾರುವವರೂ ಕೇಳಬೇಕಾಗಿದೆ. ಒಂದೇ ರಸ್ತೆಯಲ್ಲಿ ನಡೆಯುವವರು ಒಂದೇ ಪಟ್ಟಿಯನ್ನು ಕೇಳಿದರೆ, ಅದನ್ನು ಬಚ್ಚಿಡುವುದು ಯಾವ ಸರಕಾರಕ್ಕೂ ಸುಲಭವಾಗದು.